ಹಸಿ ಕಟ್ಟಿಗೆಗೆ ದುಡ್ಡು ಸುರಿಯದೆ ಬಚ್ಚಲ ಒಲೆಗೆ ಒಣ ಕಟ್ಟಿಗೆ ಕೊಳ್ಳುವುದು ಹೇಗೆ?

ಮಳೆ ಹಿಡಿದ ಕೂಡಲೇ ಮಲೆನಾಡಿನ ಮನೆಮನೆಯಲ್ಲೂ ಇದೇ ಗೋಳು. "ಮೊನ್ನೆ ಒಂದು ಲೋಡ್ ಕಟ್ಟಿಗೆ ಹಾಕಿಸಿದ್ವಿ. ಉರಿಯೋದೇ ಇಲ್ಲ. ಬಚ್ಚಲು ತುಂಬ ಹೊಗೆ." ಹಂಡೆ ಒಲೆ ಇರಲಿ, ತಾಮ್ರದ ಬಾಯ್ಲರ್ ಇರಲಿ, ಕಥೆ ಒಂದೇ. ಒಲೆಯದ್ದು ತಪ್ಪಿರುವುದಿಲ್ಲ. ಕಟ್ಟಿಗೆ ಕೊಂಡ ಕ್ರಮ ತಪ್ಪಿರುತ್ತದೆ.

ಹೆಚ್ಚಿನವರು ಮೊದಲು ರೇಟು ಕೇಳುತ್ತಾರೆ, ಆಮೇಲೆ ಲೋಡ್ ಇಳಿಸಿಕೊಳ್ಳುತ್ತಾರೆ, ದುಡ್ಡು ಕೊಡುತ್ತಾರೆ. ಕಟ್ಟಿಗೆ ನೋಡುವುದು ಕೊನೆಗೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಕಟ್ಟಿಗೆಯಲ್ಲಿ ನೀರೆಷ್ಟಿದೆ ನೋಡಿ, ಆಮೇಲೆ ರೇಟು ಮಾತಾಡಿ, ತೂಕ ಮಾಡಿಸಿ, ಕೊನೆಗೆ ಇಳಿಸಿಕೊಳ್ಳಿ. ಕೆಳಗಿನ ಹಂತಗಳೆಲ್ಲ ಇದೇ ಕ್ರಮದಲ್ಲಿವೆ. ಸಾಗರ, ತೀರ್ಥಹಳ್ಳಿ ಕಡೆಯ ಬಚ್ಚಲ ಒಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆ ಊರಿನವರು ತಿಂಗಳು ಮತ್ತು ಮರದ ಹೆಸರು ಬದಲಿಸಿಕೊಂಡರೆ ಸಾಕು.

## ಕೈಯಲ್ಲಿ ಇರಬೇಕಾದದ್ದು

ಅಳತೆ ಟೇಪು, ಕೈಗರಗಸ, ಕೊಡಲಿ, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಎರಡು ಸೂಜಿ ಇರುವ ತೇವಾಂಶ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ಪ್ರತಿ ವರ್ಷ ಲೋಡ್‌ಗಟ್ಟಲೆ ಕೊಳ್ಳುವವರಿಗೆ ಅದು ಒಳ್ಳೆಯ ಖರ್ಚು. ಒಂದೇ ಸಲ ಕೊಳ್ಳುವುದಾದರೆ ಬೇಡ. ಅದಿಲ್ಲದೆ ಮಾಡುವ ಪರೀಕ್ಷೆಯನ್ನೂ ಮುಂದೆ ಹೇಳಿದ್ದೇನೆ.

## ಹಂತ 1: ವರ್ಷಕ್ಕೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ

"ಒಂದು ಲೋಡ್ ಸಾಕಾಗಬಹುದು" ಅನ್ನುವುದು ಲೆಕ್ಕವಲ್ಲ. ಒಬ್ಬೊಬ್ಬರಿಗೆ 25 ಲೀಟರ್ ಬಿಸಿನೀರು ಅಂದರೆ ನಾಲ್ಕು ಜನರ ಮನೆಗೆ ದಿನಕ್ಕೆ 100 ಲೀಟರ್. ಅದನ್ನು 22 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 2,300 ಕಿಲೋ ಕ್ಯಾಲೊರಿ ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 3,500 ಕಿಲೋ ಕ್ಯಾಲೊರಿ ಇರುತ್ತದೆ. ಆದರೆ ಹಳೆಯ ಹಂಡೆ ಒಲೆಯಲ್ಲಿ ನೀರಿಗೆ ತಾಗುವುದು ಅದರ ಆರನೇ ಒಂದು ಪಾಲು ಅಂತಿಟ್ಟುಕೊಳ್ಳಿ. ಉಳಿದದ್ದು ಹೊಗೆಯ ಜೊತೆ ಹೋಗುತ್ತದೆ.

ಹಾಗಾಗಿ ದಿನಕ್ಕೆ ಸುಮಾರು 4 ಕಿಲೋ, ವರ್ಷಕ್ಕೆ ಸುಮಾರು 15 ಕ್ವಿಂಟಾಲ್ ಒಣ ಕಟ್ಟಿಗೆ ಬೇಕು. ಮನೆಯಲ್ಲಿ ಬಾಣಂತಿ ಇದ್ದರೆ, ವಯಸ್ಸಾದವರಿದ್ದರೆ ಇನ್ನಷ್ಟು ಸೇರಿಸಿ. ತೆಂಗಿನ ಕರಟ, ಸಿಪ್ಪೆ, ಅಡಿಕೆ ಸೋಗೆ ಮನೆಯಲ್ಲೇ ಇದ್ದರೆ ಅಷ್ಟು ಕಳೆಯಿರಿ.

ಖಚಿತ ಲೆಕ್ಕ ಬೇಕೆಂದರೆ ಒಂದು ವಾರ ಒಲೆಗೆ ಹಾಕುವ ಕಟ್ಟಿಗೆಯನ್ನು ತೂಗಿ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ.

## ಹಂತ 2: ತಿಂಗಳು ತಪ್ಪಬೇಡಿ

ಕೊಳ್ಳಲು ಸರಿಯಾದ ಕಾಲ ಫೆಬ್ರುವರಿಯಿಂದ ಏಪ್ರಿಲ್ ನಡುವೆ. ಆಗ ರಸ್ತೆ ಒಣಗಿರುತ್ತದೆ, ಗಾಡಿ ಅಂಗಳದವರೆಗೂ ಬರುತ್ತದೆ. ಇಳಿಸಿದ ಕಟ್ಟಿಗೆಗೆ ಮಳೆಗೆ ಮೊದಲು ಎರಡು ಮೂರು ತಿಂಗಳ ಬಿಸಿಲು ಸಿಗುತ್ತದೆ.

ಜೂನ್‌ನಲ್ಲಿ ಕೊಂಡ ಹಸಿ ಕಟ್ಟಿಗೆ "ಗುಡ್ಲಲ್ಲಿ ಇಟ್ರೆ ಒಣಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮರ ತನ್ನ ಸುತ್ತಲಿನ ಗಾಳಿ ಎಷ್ಟು ಒಣಗಿದೆಯೋ ಅಷ್ಟೇ ಒಣಗುತ್ತದೆ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ತೇವಾಂಶ ಶೇ. 90 ದಾಟುತ್ತದೆ. ಅಂಥ ಗಾಳಿಯಲ್ಲಿ ಒಣ ಕಟ್ಟಿಗೆಯೇ ತೇವ ಹೀರುತ್ತದೆ, ಹಸಿ ಕಟ್ಟಿಗೆ ಎಲ್ಲಿಂದ ಒಣಗಬೇಕು? ಅದಕ್ಕೆ ಬೂಷ್ಟು ಹಿಡಿಯುತ್ತದೆ, ಅಷ್ಟೇ.

ಅಡಿಕೆ ಬೇಯಿಸುವ ಊರುಗಳಲ್ಲಿ ಇನ್ನೊಂದು ವಿಷಯ ಇದೆ. ದೀಪಾವಳಿಯ ಆಸುಪಾಸಿನಿಂದ ಅಡಿಕೆ ಒಲೆಗಳು ಹತ್ತುತ್ತವೆ. ಊರಿನ ಒಣ ಕಟ್ಟಿಗೆ ಮೊದಲು ಅಲ್ಲಿಗೆ ಹೋಗುತ್ತದೆ. ಆ ಹೊತ್ತಿನಲ್ಲಿ ನಮ್ಮ ಬಚ್ಚಲಿಗೆ ಅಂತ ಹುಡುಕಿಕೊಂಡು ಹೋದರೆ ಉಳಿದದ್ದೇ ಗತಿ.

## ಹಂತ 3: ಎಲ್ಲಿ ಹುಡುಕಬೇಕು, ಯಾವ ಮರ ಆರಿಸಬೇಕು

ಅಗ್ಗದಲ್ಲಿ ಸಿಗುವ ಮೂಲಗಳು ಮುಖ್ಯವಾಗಿ ಮೂರು.

ಮೊದಲನೆಯದು ಕಾಫಿ ತೋಟಗಳಲ್ಲಿ ಮರಗಸಿ (ನೆರಳಿನ ಮರದ ರೆಂಬೆ ಕಡಿಯುವ ಕೆಲಸ) ಮಾಡಿದಾಗ ಬೀಳುವ ರೆಂಬೆ, ಮಾರಿದ ಸಿಲ್ವರ್ ಓಕ್ ಮರಗಳ ತುದಿ. ತೋಟದಲ್ಲೇ ಕೊಂಡರೆ ಅಗ್ಗ, ಆದರೆ ಬಹುಪಾಲು ಹಸಿ. ಎರಡನೆಯದು ಸಾಮಿಲ್. ದಿಮ್ಮಿ ಕೊಯ್ಯುವಾಗ ಉಳಿಯುವ ಹೊರಪಟ್ಟಿಗಳು ತೆಳುವಾಗಿರುತ್ತವೆ, ಬೇಗ ಒಣಗುತ್ತವೆ, ಒಡೆಯುವ ಕೂಲಿಯೂ ಉಳಿಯುತ್ತದೆ. ನನಗೆ ಕೇಳಿದರೆ ಬಾಯ್ಲರ್ ಇರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮೂರನೆಯದು ಅಕೇಶಿಯ, ಸರ್ವೆ, ರಬ್ಬರ್ ತೋಪು ಕಡಿಸುವ ಖಾಸಗಿ ಜಮೀನು. ಅರಣ್ಯ ಇಲಾಖೆಯ ಡಿಪೋಗಳಲ್ಲೂ ಹರಾಜು ನಡೆಯುತ್ತದೆ, ಆದರೆ ಅಲ್ಲಿನ ಲಾಟು ಒಂದು ಮನೆಗೆ ದೊಡ್ಡದಾಗಬಹುದು. ನಾಲ್ಕು ಮನೆಯವರು ಸೇರಿದರೆ ಅನುಕೂಲ.

ಯಾವ ಮರ ಅನ್ನುವುದಕ್ಕೆ ಒಂದೇ ಸೂತ್ರ ನೆನಪಿಡಿ. ತೂಕಕ್ಕೆ ಕೊಂಡರೆ ಮರದ ಜಾತಿ ಅಷ್ಟು ಮುಖ್ಯವಲ್ಲ, ಲೋಡ್ ಲೆಕ್ಕದಲ್ಲಿ ಕೊಂಡರೆ ಜಾತಿ ತುಂಬ ಮುಖ್ಯ. ಒಂದು ಕಿಲೋ ಒಣ ಹುಣಸೆಗೂ ಒಂದು ಕಿಲೋ ಒಣ ಹಾಲವಾಣಕ್ಕೂ ಶಾಖದಲ್ಲಿ ದೊಡ್ಡ ಅಂತರವಿಲ್ಲ. ಆದರೆ ಒಂದು ಗಾಡಿ ಹುಣಸೆ ಮತ್ತು ಒಂದು ಗಾಡಿ ಹಾಲವಾಣ ಒಂದೇ ಅಲ್ಲ. ಹಾಲವಾಣ, ಬೂರುಗ ಎರಡೂ ಹತ್ತಿಯಂತೆ ಹಗುರ. ಭರ್ರನೆ ಉರಿದು ಹೋಗುತ್ತವೆ, ಕೆಂಡ ನಿಲ್ಲುವುದಿಲ್ಲ. ಅಕೇಶಿಯ, ಸರ್ವೆ, ಹುಣಸೆ, ಜಾಲಿ ಗಟ್ಟಿ. ಮಾವು, ಸಿಲ್ವರ್, ರಬ್ಬರ್ ನಡುವಿನವು. ರಬ್ಬರನ್ನು ಒಣಗಿಸದೆ ಬಿಟ್ಟರೆ ಬೇಗ ಹುಳ ಹಿಡಿಯುತ್ತದೆ.

ಬೇಡವೇ ಬೇಡದ್ದೂ ಇದೆ. ಹೊಳಗೇರು ಮರದ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಅದರ ಹೊಗೆಯೂ ಒಳ್ಳೆಯದಲ್ಲ. ಲೋಡಿನಲ್ಲಿ ತೊಗಟೆಯ ಮೇಲೆ ಕಪ್ಪಗೆ ಸೊನೆ ಇಳಿದು ಒಣಗಿದ ಕುಂಟೆ (ಒಡೆಯದ ಮರದ ತುಂಡು) ಕಂಡರೆ ಮುಟ್ಟುವ ಮೊದಲು ಗೊತ್ತಿರುವವರನ್ನು ಕೇಳಿ. ಬಣ್ಣ ಬಳಿದ ಹಳೆ ಬಾಗಿಲು, ಪ್ಲೈವುಡ್, ಔಷಧ ಹೊಡೆದ ಮರವನ್ನು ಒಲೆಗೆ ಹಾಕಬೇಡಿ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. 1963ರ ಕರ್ನಾಟಕ ಅರಣ್ಯ ಕಾಯ್ದೆ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಎರಡೂ ಇವೆ. ಕೆಲವು ಮರ ಕಡಿಯಲು ಅನುಮತಿ, ಸಾಗಿಸಲು ಪಾಸ್ ಬೇಕು. ಸರ್ವೆ, ಸಿಲ್ವರ್ ಓಕ್, ರಬ್ಬರ್‌ಗೆ ಸಾಮಾನ್ಯವಾಗಿ ಪಾಸಿನ ತೊಂದರೆ ಇಲ್ಲ. ರಾತ್ರಿ ಹೊತ್ತು ಅರ್ಧ ರೇಟಿಗೆ ಮತ್ತಿ, ನಂದಿಯಂಥ ಕಾಡುಮರ ತಂದು ಇಳಿಸುತ್ತೇನೆ ಅನ್ನುವವನ ಕಟ್ಟಿಗೆ ಬೇಡ. ಗಾಡಿ ಹಿಡಿದರೆ ಕೇಸು ನಿಮ್ಮ ಅಂಗಳದವರೆಗೂ ಬರುತ್ತದೆ.

## ಹಂತ 4: ಫೋನಿನಲ್ಲಿ ಈ ಐದು ಪ್ರಶ್ನೆ ಕೇಳಿ

1. ಯಾವ ಮರ?
2. ಕಡಿದು ಎಷ್ಟು ತಿಂಗಳಾಯಿತು?
3. ಒಡೆದದ್ದಾ, ಕುಂಟೆಯಾ?
4. ಇಟ್ಟಿರುವುದು ಮಾಡಿನ ಕೆಳಗಾ, ಬಯಲಲ್ಲಾ?
5. ರೇಟು ತೂಕಕ್ಕಾ, ಲೋಡಿಗಾ? ಬಾಡಿಗೆ, ಇಳಿಸುವ ಕೂಲಿ ಸೇರಿಯಾ?

"ಒಣಗಿದೆಯಾ?" ಅಂತ ಮಾತ್ರ ಕೇಳಬೇಡಿ. ಅದಕ್ಕೆ ಇರುವುದು ಒಂದೇ ಉತ್ತರ: "ಕಲ್ಲಾಗಿದೆ ಮಾರಾಯ್ರೆ!" ಮೂರನೇ ಪ್ರಶ್ನೆಯೇ ನಿಜವಾದ ಪ್ರಶ್ನೆ. ಎರಡು ವರ್ಷ ಬಯಲಲ್ಲಿ ಬಿದ್ದಿದ್ದ ದಪ್ಪ ಕುಂಟೆಯ ಒಳಗೆ ಇನ್ನೂ ಹಸಿ ಇರಬಹುದು. ತೊಗಟೆ ನೀರನ್ನು ಬಿಟ್ಟುಕೊಡುವುದಿಲ್ಲ. ಒಡೆದ ಮೇಲೆಯೇ ಒಣಗುವ ಲೆಕ್ಕ ಶುರು.

## ಹಂತ 5: ಜಾಗಕ್ಕೆ ಹೋಗಿ ಪರೀಕ್ಷೆ ಮಾಡಿ

ಜನ ಬಿಟ್ಟುಬಿಡುವುದು ಇದೇ ಹಂತವನ್ನು. ನಾನೂ ಬಿಟ್ಟಿದ್ದೆ. ಒಂದು ವರ್ಷ ಆಷಾಢದಲ್ಲಿ ಫೋನಿನಲ್ಲೇ ಮಾತಾಡಿ ಒಂದು ಟ್ರ್ಯಾಕ್ಟರ್ ಲೋಡ್ ತರಿಸಿದೆ. ಮೇಲಿನ ಎರಡು ಸಾಲು ಒಣಗಿ ಬಿರುಕು ಬಿಟ್ಟಿದ್ದವು. ಕೆಳಗಿನದೆಲ್ಲ ಹೋದ ವಾರ ಕಡಿದದ್ದು. ಒಲೆಗೆ ಹಾಕಿದರೆ ತುದಿಯಲ್ಲಿ ನೊರೆ ಬಂದು ಸುಂಯ್ ಅಂತ ಹಾಡುತ್ತಿತ್ತು. ಎರಡು ತಿಂಗಳು ಅಮ್ಮ ಊದುಗೊಳವೆ ಹಿಡಿದುಕೊಂಡೇ ನೀರು ಕಾಯಿಸಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

ಮೊದಲು ಕಣ್ಣು, ಕಿವಿ, ಮೂಗು. ರಾಶಿಯ ಮೇಲಿಂದ ಒಂದು, ನಡುವಿಂದ ಎರಡು, ತಳದಿಂದ ಎರಡು ತುಂಡು ಎಳೆದು ತೆಗೆಯಿರಿ. ಆರಿಸುವವರು ನೀವೇ ಆಗಬೇಕು, ಮಾರುವವರಲ್ಲ. ಎರಡು ತುಂಡನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿ ಇದ್ದರೆ ದಬ್ ಅನ್ನುತ್ತದೆ. ಉಗುರಲ್ಲಿ ಎತ್ತಿದರೆ ತೊಗಟೆ ಕಳಚಿ ಬರಬೇಕು. ತೊಗಟೆಯ ಕೆಳಗೆ ಹಸಿರು, ಜಿಗುಟು, ಹುಳಿ ವಾಸನೆ ಇದ್ದರೆ ಹಸಿ.

ಬಿರುಕಿನ ವಿಷಯದಲ್ಲಿ ಎಚ್ಚರ. ತುದಿಯಲ್ಲಿ ಬಿರುಕು ಬಿಟ್ಟ ಮಾತ್ರಕ್ಕೆ ಒಣಗಿದೆ ಅಂತಲ್ಲ. ಬಿಸಿಲಿಗೆ ಕೆಲವೇ ವಾರದಲ್ಲಿ ತುದಿ ಬಿರಿಯುತ್ತದೆ, ಹೊಟ್ಟೆಯೊಳಗೆ ನೀರು ಹಾಗೇ ಇರುತ್ತದೆ. ಬಿರುಕು ಇಲ್ಲದಿದ್ದರೆ ಅನುಮಾನ ಪಡಿ. ಇದ್ದರೆ ಒಡೆದು ನೋಡಿ.

ಆಮೇಲೆ ಕೊಡಲಿ. ಒಂದು ದಪ್ಪ ತುಂಡನ್ನು ಅಲ್ಲೇ ಸೀಳಿ. ಈಗ ತಾನೇ ತೆರೆದ ಮುಖವನ್ನು ಕೆನ್ನೆಗೆ ಒತ್ತಿ. ಒಣ ಮರ ಬೆಚ್ಚಗೆ ಇರುತ್ತದೆ, ಹಸಿ ಮರ ಮಡಕೆಯ ಹೊರಮೈಯಂತೆ ತಣ್ಣಗೆ ತಾಗುತ್ತದೆ. ಕೈಗೆ ಗೊತ್ತಾಗದ ತಣ್ಣಗೆ ಕೆನ್ನೆಗೆ ಗೊತ್ತಾಗುತ್ತದೆ. ನೋಡುವವರಿಗೆ ತಮಾಷೆ ಅನ್ನಿಸಬಹುದು, ಅನ್ನಿಸಲಿ ಬಿಡಿ.

ಮೀಟರ್ ಇದ್ದರೆ ಸೂಜಿಗಳನ್ನು ಇದೇ ಹೊಸ ಮುಖಕ್ಕೆ, ನಾರಿನ ಉದ್ದಕ್ಕೆ ಸರಿಯಾಗಿ ಚುಚ್ಚಿ. ಹೊರಮೈಗೆ ಚುಚ್ಚಿದರೆ ಕಡಿಮೆ ತೋರಿಸುತ್ತದೆ, ಮೋಸ ಹೋಗುವುದು ಇಲ್ಲೇ. 25ರ ಒಳಗಿದ್ದರೆ ಕೊಳ್ಳಬಹುದು, 20ರ ಒಳಗಿದ್ದರೆ ಬಹಳ ಒಳ್ಳೆಯದು. 30 ದಾಟಿದ ಮೇಲೆ ಅಂಕಿಗೆ ಅರ್ಥವಿಲ್ಲ, ಹಸಿ ಅಂತ ತಿಳಿದುಕೊಂಡರಾಯಿತು. ಇನ್ನೊಂದು ಸೂಕ್ಷ್ಮ ಇದೆ. ಈ ಮೀಟರ್‌ಗಳು ಒಣ ಮರದ ತೂಕಕ್ಕೆ ಹೋಲಿಸಿ ನೀರನ್ನು ಹೇಳುತ್ತವೆ. ಮೀಟರಿನ 25 ಅಂದರೆ ಒಟ್ಟು ತೂಕದಲ್ಲಿ ಶೇ. 20 ನೀರು.

ಮೀಟರ್ ಇಲ್ಲದಿದ್ದರೆ ಒಂದು ತುಂಡಿನ ನಡುವಿನಿಂದ ಬೆರಳು ದಪ್ಪದ ಬಿಲ್ಲೆ ಕೊಯ್ದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮನೆಗೆ ತನ್ನಿ. ತುದಿಯಿಂದ ಕೊಯ್ಯಬೇಡಿ. ತಕ್ಷಣ ತೂಗಿ ಬರೆದಿಡಿ. ಆಮೇಲೆ 100 ಡಿಗ್ರಿಯ ಓವನ್‌ನಲ್ಲಿ ಇಡಿ, ಅಥವಾ ಸಣ್ಣ ಚೂರು ಮಾಡಿ ಒಲೆಯ ಪಕ್ಕ ಬಿಸಿ ತಾಗುವಲ್ಲಿ ಒಣಗಿಸಿ. ತೂಕ ಇಳಿಯುವುದು ನಿಲ್ಲುವವರೆಗೆ ಆಗಾಗ ತೂಗುತ್ತಿರಿ. 200 ಗ್ರಾಂ ಇದ್ದದ್ದು 150ಕ್ಕೆ ನಿಂತರೆ ಹೋದ ನೀರು 50 ಗ್ರಾಂ, ಅಂದರೆ ಒಟ್ಟು ತೂಕದಲ್ಲಿ ಶೇ. 25 (ಮೀಟರಿನ ಲೆಕ್ಕದಲ್ಲಿ ಸುಮಾರು 33). ಒಲೆಯ ಪಕ್ಕ ಒಣಗಿಸಿದ್ದರೆ ಸ್ವಲ್ಪ ನೀರು ಉಳಿದಿರುತ್ತದೆ, ನಿಜ ಅಂಕಿ ಇದಕ್ಕಿಂತ ತುಸು ಜಾಸ್ತಿ. ಮೈಕ್ರೋವೇವ್‌ನಲ್ಲಿ ಮಾಡಲು ಹೋಗಬೇಡಿ. ಒಳಗಿನಿಂದಲೇ ಸುಟ್ಟು ಹೊಗೆ ಬರುತ್ತದೆ.

ಮಳೆಗೆ ನೆಂದ ಒಣ ಕಟ್ಟಿಗೆ ಕಂಡು ಹೆದರಬೇಡಿ. ಮೇಲಷ್ಟೇ ಒದ್ದೆ ಇದ್ದು ಸೀಳಿದಾಗ ಒಳಗೆ ಒಣಗಿದ್ದರೆ ಎರಡು ಮೂರು ದಿನ ಗಾಳಿಗೆ ಹರಡಿದರೆ ಸರಿಯಾಗುತ್ತದೆ. ಆದರೆ ತೂಕಕ್ಕೆ ಕೊಳ್ಳುವುದಾದರೆ ಆ ದಿನ ಬೇಡ ಅನ್ನಿ. ಬಿಸಿಲಿನ ದಿನ ಬೆಳಿಗ್ಗೆ ರಾಶಿ ಒದ್ದೆ ಇದ್ದು ನೆಲದಲ್ಲಿ ಪೈಪು ಬಿದ್ದಿದ್ದರೆ ನಮಸ್ಕಾರ ಹೇಳಿ ಹೊರಡಿ.

## ಹಂತ 6: ನೀರು ಕಳೆದು ರೇಟು ಹೋಲಿಸಿ

ಈಗ ತಾನೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಉದಾಹರಣೆಗೆ ಹಸಿ ಕಟ್ಟಿಗೆ ಕಿಲೋಗೆ 4 ರೂಪಾಯಿ, ಒಣಗಿದ್ದು 6 ರೂಪಾಯಿ ಅಂತಿಟ್ಟುಕೊಳ್ಳೋಣ. ಯಾವುದು ಅಗ್ಗ?

1,000 ಕಿಲೋ ಹಸಿ ಕಟ್ಟಿಗೆಗೆ 4,000 ರೂಪಾಯಿ ಕೊಟ್ಟಿರಿ. ಅದರಲ್ಲಿ ಮರ 500 ಕಿಲೋ, ನೀರು 500 ಕಿಲೋ. ಅದು ಶೇ. 20 ನೀರಿಗೆ ಬಂದಾಗ ಉಳಿಯುವುದು 625 ಕಿಲೋ. ಅಂದರೆ ಕಿಲೋಗೆ 6 ರೂಪಾಯಿ 40 ಪೈಸೆ ಬಿತ್ತು. ಒಡೆಸುವ ಕೂಲಿ, ತಿಂಗಳುಗಟ್ಟಲೆ ಕಾಯುವುದು ಬೇರೆ. ಅಗ್ಗ ಅಂದುಕೊಂಡದ್ದೇ ದುಬಾರಿ ಆಯಿತಲ್ವಾ?

ಲೆಕ್ಕ ಸುಲಭ. ಶೇ. 20 ನೀರಿರುವ ಒಣ ಕಟ್ಟಿಗೆಯ ರೇಟಿಗೆ ತರಲು, ಹೇಳಿದ ರೇಟನ್ನು 80ರಿಂದ ಗುಣಿಸಿ. ನೂರರಿಂದ ಒಟ್ಟು ತೂಕದಲ್ಲಿರುವ ನೀರಿನ ಶೇಕಡಾ ಕಳೆದು, ಬಂದ ಅಂಕಿಯಿಂದ ಭಾಗಿಸಿ. ಶೇ. 35 ನೀರಿರುವ ಕಟ್ಟಿಗೆಗೆ 5 ರೂಪಾಯಿ ಹೇಳಿದರೆ 400ನ್ನು 65ರಿಂದ ಭಾಗಿಸಿ, 6 ರೂಪಾಯಿ 15 ಪೈಸೆ. ಚೌಕಾಸಿ ಮಾಡುವಾಗ "ಕಡಿಮೆ ಮಾಡಿ" ಅಂತ ಸುಮ್ನೆ ಎಳೆಯಬೇಡಿ. ಒಡೆದ ತುಂಡನ್ನು ಕೈಯಲ್ಲಿ ಹಿಡಿದು, "ಅಣ್ಣ, ಇದು ಹಸಿ ಇದೆ, ಹಸಿ ರೇಟು ಹಾಕಿ" ಅನ್ನಿ. ಎದುರಿಗೆ ತುಂಡೇ ಇರುವಾಗ ವಾದ ಉದ್ದ ಹೋಗುವುದಿಲ್ಲ.

ಜಾಗ, ತಾಳ್ಮೆ ಎರಡೂ ಇದ್ದವರು ಫೆಬ್ರುವರಿಯಲ್ಲಿ ಹಸಿ ಕಟ್ಟಿಗೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅದು ಮುಂದಿನ ವರ್ಷದ ಕಟ್ಟಿಗೆ ಅಂತ ತಿಳಿದು, ಹಸಿ ರೇಟಿಗೇ ಕೊಳ್ಳಿ.

## ಹಂತ 7: ತೂಕ, ಅಳತೆ ಕಣ್ಣೆದುರೇ ಆಗಲಿ

ತೂಕಕ್ಕೆ ಕೊಂಡರೆ ವೇಬ್ರಿಡ್ಜ್ ಚೀಟಿ ಎರಡು ಬೇಕು, ಖಾಲಿ ಗಾಡಿಯದ್ದು ಮತ್ತು ತುಂಬಿದ ಗಾಡಿಯದ್ದು. ಎರಡರಲ್ಲೂ ಅದೇ ದಿನದ ತಾರೀಕು, ಅದೇ ಗಾಡಿ ನಂಬರ್ ಇರಲಿ. ಹಳೆಯ ಖಾಲಿ ತೂಕದ ಚೀಟಿ ತೋರಿಸಿದರೆ ಒಪ್ಪಬೇಡಿ. ಖಾಲಿ ತೂಗುವಾಗ ಕೆಳಗಿಳಿದಿದ್ದ ಇಬ್ಬರು ಹುಡುಗರು ತುಂಬಿದ ಗಾಡಿ ತೂಗುವಾಗ ಮೇಲೆ ಕೂತಿದ್ದರೆ ಒಂದು ಕ್ವಿಂಟಾಲಿಗಿಂತ ಹೆಚ್ಚು ಅಲ್ಲೇ ಹೋಯಿತು. ನಡುವೆ ಡೀಸೆಲ್ ಹಾಕಿಸಿದ್ದೂ ನಿಮ್ಮ ಲೆಕ್ಕಕ್ಕೇ.

ಲೋಡ್ ಲೆಕ್ಕವಾದರೆ ಟೇಪು ಹಿಡಿಯಿರಿ. 10 ಅಡಿ ಉದ್ದ, 6 ಅಡಿ ಅಗಲದ ಟ್ರೈಲರಿನಲ್ಲಿ ಎರಡೂವರೆ ಅಡಿ ಎತ್ತರಕ್ಕೆ ತುಂಬಿದರೆ 150 ಘನ ಅಡಿ. ಒಣ ಅಕೇಶಿಯವನ್ನು ಒತ್ತಾಗಿ ಜೋಡಿಸಿದ್ದರೆ ಅದರಲ್ಲಿ ಸುಮಾರು 16 ಕ್ವಿಂಟಾಲ್ ಇರುತ್ತದೆ, ಒಂದು ಮನೆಯ ವರ್ಷದ ಕಟ್ಟಿಗೆ. ಅದೇ ಟ್ರೈಲರಿಗೆ ಎಸೆದು ತುಂಬಿದ್ದರೆ ಹತ್ತು, ಹನ್ನೊಂದು ಕ್ವಿಂಟಾಲ್ ಅಷ್ಟೇ. ಉಳಿದದ್ದು ಗಾಳಿ. ಹಿಂದಿನ ಬಾಗಿಲು ತೆಗೆಸಿ ಒಳಗೆ ನೋಡಿ. ತುಂಡುಗಳನ್ನು ಅಡ್ಡಾದಿಡ್ಡಿ ಇಟ್ಟು ನಡುವೆ ಪೊಳ್ಳು ಬಿಟ್ಟಿದ್ದರೆ, ಬೇರಿನ ಬುಡ, ಗಂಟು ಸೇರಿಸಿದ್ದರೆ ಅಲ್ಲೇ ಹೇಳಿ.

## ಹಂತ 8: ಇಳಿಸುವ ಮೊದಲು ಮತ್ತೊಮ್ಮೆ ನೋಡಿ

ತೋರಿಸಿದ ರಾಶಿಯೇ ಬಂದಿದೆಯೇ? ಕೊಂಡ ದಿನ ನಾಲ್ಕೈದು ತುಂಡಿಗೆ ಸೀಮೆಸುಣ್ಣದ ಗುರುತು ಹಾಕಿ ಬಂದಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಲೋಡಿನ ನಡುವಿನಿಂದ ಎರಡು ತುಂಡು ತೆಗೆದು ಸೀಳಿ. ಇಳಿಸಿ ಮುಗಿದ ಮೇಲೆ ತಕರಾರು ಎತ್ತಿದರೆ ಯಾರೂ ಕೇಳುವುದಿಲ್ಲ. ಪೂರ್ತಿ ದುಡ್ಡು ಮೊದಲೇ ಕೊಟ್ಟುಬಿಡಬೇಡಿ.

## ಹಂತ 9: ಒಟ್ಟುವುದು

ಒಣ ಕಟ್ಟಿಗೆ ತಂದು ಕೆಟ್ಟದಾಗಿ ಒಟ್ಟಿದರೆ ಜುಲೈ ಹೊತ್ತಿಗೆ ಮತ್ತೆ ಹಸಿ.

ಮಣಿಕಟ್ಟಿನ ದಪ್ಪಕ್ಕೆ ಸೀಳಿ. ಉದ್ದ ಒಲೆಯ ಬಾಯಿಗಿಂತ ಎರಡು ಬೆರಳು ಕಡಿಮೆ ಇರಲಿ. ನೆಲಕ್ಕೆ ತಾಗಿಸಬೇಡಿ. ಚಿರೆಕಲ್ಲು ಇಟ್ಟು ಅದರ ಮೇಲೆ ಅಡಿಕೆ ದಬ್ಬೆ ಹಾಕಿ ಒಟ್ಟಿ, ಗೆದ್ದಲೂ ತಡವಾಗಿ ಬರುತ್ತದೆ. ಗೋಡೆಗೂ ಒಟ್ಟಿಲಿಗೂ ನಡುವೆ ಒಂದು ಗೇಣು ಜಾಗ ಬಿಡಿ. ಟಾರ್ಪಾಲು ಮೇಲೆ ಮಾತ್ರ ಇರಬೇಕು, ಬದಿಗಳು ಗಾಳಿಗೆ ತೆರೆದಿರಬೇಕು. ಪೂರ್ತಿ ಸುತ್ತಿಬಿಟ್ಟರೆ ಒಳಗಿನ ತೇವ ಬೆವರಿನಂತೆ ಅಲ್ಲೇ ಇಳಿಯುತ್ತದೆ. ಎಲ್ಲರೂ ಮಾಡುವ ತಪ್ಪು ಇದು.

ಹಳೆಯದು, ಹೊಸದು ಬೇರೆ ಬೇರೆ ಒಟ್ಟಿಲು ಮಾಡಿ. ವಾರಕ್ಕೆ ಬೇಕಾದಷ್ಟನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ. ಹೊಗೆ, ಬಿಸಿ ಎರಡೂ ತಾಗಿ ಗರಿಗರಿಯಾಗುತ್ತದೆ. ಪುಳ್ಳೆಯನ್ನು ಬೇರೆ ಗೋಣಿಚೀಲದಲ್ಲಿಡಿ. ರಾತ್ರಿ ಒಟ್ಟಿಲಿಗೆ ಕೈ ಹಾಕುವಾಗ ಟಾರ್ಚು ಇರಲಿ. ಚೇಳಿಗೂ ಹಾವಿಗೂ ಒಣ ಬೆಚ್ಚಗಿನ ಜಾಗ ಅಂದರೆ ಇಷ್ಟ.

## ಹಸಿ ಲೋಡ್ ಈಗಾಗಲೇ ಬಂದುಬಿಟ್ಟಿದ್ದರೆ

ಎಲ್ಲವನ್ನೂ ಸಣ್ಣಗೆ ಸೀಳಿ, ಎರಡು ಬೆರಳು ದಪ್ಪಕ್ಕೆ. ಅದರಲ್ಲಿ ಹಗುರ ಅನ್ನಿಸಿದ್ದನ್ನು ಆರಿಸಿ ಮೊದಲು ಅಟ್ಟಕ್ಕೆ ಹಾಕಿ. ಸಾಮಿಲ್‌ನಿಂದ ಎರಡು ಮೂರು ಕ್ವಿಂಟಾಲ್ ಒಣ ಪಟ್ಟಿ ತಂದು, ಕರಟದ ಜೊತೆ ಉರಿ ಹಿಡಿಸಿ. ಕೆಂಡ ಬಲಿತ ಮೇಲೆ ಒಂದೊಂದೇ ಹಸಿ ತುಂಡು ಸೇರಿಸಿ. ಸೀಮೆಎಣ್ಣೆ, ಪ್ಲಾಸ್ಟಿಕ್ ಹಾಕಿ ಹೊತ್ತಿಸುವ ಚಾಳಿ ಬೇಡ.

ಈ ಲಕ್ಷಣ ಕಂಡರೆ ಒಲೆ ನಿಲ್ಲಿಸಿ. ಹೊಗೆ ಕೊಳವೆಯ ಕೀಲಿನಲ್ಲಿ ಡಾಂಬರಿನಂಥ ಕಪ್ಪು ದ್ರವ ಇಳಿಯುವುದು, ಹೊಗೆ ಮೇಲೆ ಹೋಗದೆ ಒಲೆಯ ಬಾಯಿಂದಲೇ ಬರುವುದು. ಹಸಿ ಕಟ್ಟಿಗೆಯ ಮಸಿ ಕೊಳವೆಯನ್ನು ಕಟ್ಟಿದೆ ಅಂತ ಅರ್ಥ. ಒಲೆ ಆರಿಸಿ, ತಣ್ಣಗಾದ ಮೇಲೆ ಕೊಳವೆ ಬಿಚ್ಚಿ ಕೆರೆಯಿರಿ. ಆ ಮಸಿಗೇ ಬೆಂಕಿ ಹತ್ತಿಕೊಳ್ಳುವುದುಂಟು.

ಒಲೆಯ ಬಾಯಿ ಬಚ್ಚಲ ಒಳಗೇ ಇದ್ದರೆ ಕಿಟಕಿ ಮುಚ್ಚಿಕೊಂಡು ಸ್ನಾನಕ್ಕೆ ಕೂರಬೇಡಿ. ಅರೆಬರೆ ಉರಿಯುವ ಕಟ್ಟಿಗೆಯಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ತಲೆ ಭಾರ, ವಾಕರಿಕೆ, ಕಾಲು ಸೋತಂತೆ ಆದರೆ ಮೈ ಒರೆಸುತ್ತಾ ನಿಲ್ಲಬೇಡಿ. ಟವೆಲ್ ಸುತ್ತಿಕೊಂಡು ಮೊದಲು ಹೊರಗೆ ಬನ್ನಿ.